ಮೇವಿನ ಬಂಡಿಯ ಸಮತೂಕ

ಬಸವಕಲ್ಯಾಣ ತಾಲೂಕಿನ ಮುಡಬಿಯ ಕಡೆ ಜೋಳದ ರಾಶಿ ಮುಗಿದೊಡನೆ ರೈತನ ಚಿಂತೆ ಕಣಿಕೆಯತ್ತ ಹೊರಳುತ್ತದೆ. ಹೊಲದ ಸಿವುಡು ಮನೆಯ ಬಣವೆಗೆ ಬಂದರಷ್ಟೇ ದನಗಳಿಗೆ ಬೇಸಗೆ ಕಳೆದೀತು.

ಹಳೆಯ ಲಾರಿಯ ಅಚ್ಚು, ಎರಡು ಗಾಲಿ, ಬಡಿಗನ ಮರ, ಕಮ್ಮಾರನ ಕಬ್ಬಿಣ—ಇಷ್ಟರಿಂದ ಬಂಡಿ ಸಿದ್ಧವಾದೀತು. ಜಾಣತನ ಬೇಕಾಗುವುದು ಅಚ್ಚನ್ನು ಕೂಡಿಸುವ ಸ್ಥಳದಲ್ಲಿ. ಭಾರ ಹಿಂದೆ ಸರಿದರೆ ನೊಗ ಮೇಲೆದ್ದು ಎತ್ತಿನ ಕೊರಳ ಜತ್ತಿಗೆ ಬಿಗಿಯುತ್ತದೆ. ತೀರ ಮುಂದಾದರೆ ಹೆಗಲು ಹುಣ್ಣಾಗುತ್ತದೆ. ಟ್ರ್ಯಾಕ್ಟರಿಗೆ ಕಟ್ಟುವ ಎರಡು ಗಾಲಿಯ ಗಾಡಿಯಲ್ಲಿ ಹತ್ತರಲ್ಲೊಂದು ಪಾಲು ಭಾರವಾದರೂ ಕೊಂಡಿಯ ಮೇಲಿರಬೇಕು; ಇಲ್ಲವಾದರೆ ಅದು ಬಾಲದಂತೆ ಓಲಾಡುತ್ತದೆ.

ಮೇವು ಹಗುರವೆಂದು ಎತ್ತರಕ್ಕೆ ಹೇರಿದ ಬಂಡಿ ತಿರುವಿನಲ್ಲಿ ಮಗುಚುವುದುಂಟು. ಹೇರಿನ ಮೇಲೆ ಮಕ್ಕಳು ಕುಳಿತಿದ್ದರೆ ನಷ್ಟವು ಮೇವಿನದಷ್ಟೇ ಆಗಿರುವುದಿಲ್ಲ.