ಮೈಲೇಜ್ ಎಷ್ಟು ಅನ್ನೋದು ಸಾಕು, ಕಿಲೋಮೀಟರಿಗೆ ಎಷ್ಟು ಅಂತ ಕೇಳಿ

ಕೆ.ಆರ್.ಪುರದಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಹೊಸಕೋಟೆ ಕಡೆ ಬರುವವರು ನೋಡಿರುತ್ತೀರಿ. ರಸ್ತೆ ಬದಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳು ತೊಳೆದು ಪಾಲಿಶ್ ಮಾಡಿಸಿಕೊಂಡು ಸಾಲಾಗಿ ನಿಂತಿರುತ್ತವೆ. ಮುಂದಿನ ಸಾಲಿನಲ್ಲಿ ಯಾವಾಗಲೂ ಉದ್ದನೆಯ ಡಿಕ್ಕಿಯ ದೊಡ್ಡ ಗಾಡಿಗಳೇ. ಜೆಟ್ಟಾ, ಲಾರಾ, ಆಕ್ಟೇವಿಯಾ, ಎಲಾಂಟ್ರಾ, ಕರೋಲಾ. ಹೊಸದರಲ್ಲಿ 15ರಿಂದ 20 ಲಕ್ಷ ಬಾಳಿದ ಡೀಸೆಲ್ ಗಾಡಿಗಳು ಇವತ್ತು ಮೂರೂವರೆ, ನಾಲ್ಕು ಲಕ್ಷಕ್ಕೆ ಸಿಗುತ್ತವೆ. ಅದೇ ದುಡ್ಡಿಗೆ ಹೊಸ ಸಣ್ಣ ಕಾರು ಬರೋದೇ ಕಷ್ಟ. ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆಯಿಂದ ಹೋದವರ ಕಣ್ಣು ಎಲ್ಲಿ ಬೀಳುತ್ತೆ ಅಂತ ಹೇಳಬೇಕಾಗಿಲ್ಲ.

ಅಂಗಡಿಯವರದ್ದು ಒಂದೇ ಮಾತು. 'ಡಾಕ್ಟರ್ ಗಾಡಿ ಅಣ್ಣ, ಸಿಂಗಲ್ ಓನರ್, ಇಂದಿರಾನಗರದ್ದು, ಡೀಸೆಲ್ಲು, ಇಪ್ಪತ್ತು ಕೊಡ್ತದೆ.' ನಂಬರ್ ಪ್ಲೇಟಿನಲ್ಲಿ ಕೆಎ 03 ಇದ್ದರೆ ಇಂದಿರಾನಗರದ ಆರ್‌ಟಿಒ, ಕೆಎ 53 ಇದ್ದರೆ ಕೆ.ಆರ್.ಪುರದ್ದು, ಅಷ್ಟು ಮಾತ್ರ ನಿಜ. ಡಾಕ್ಟರ್ ಓಡಿಸಿದ್ದೋ, ಐಟಿ ಕಂಪನಿಗೆ ಬಾಡಿಗೆಗೆ ಓಡಿದ್ದೋ, ಪ್ಲೇಟು ಹೇಳಲ್ಲ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಈ ಗಾಡಿಗಳು ಕೆಟ್ಟವಲ್ಲ. ಆದರೆ ನಮ್ಮ ಕಡೆಯ ಹತ್ತರಲ್ಲಿ ಎಂಟು ಮನೆಗಳಿಗೆ ಇವು ತಕ್ಕುದಲ್ಲ. ಅದಕ್ಕೆ ಕಾರಣ ಮೈಲೇಜ್ ಅಲ್ಲ.

ನಮ್ಮ ಮನೆಯಲ್ಲೂ ಇಂಥದೊಂದು ಇದೆ. 2014ರ ಮಾಡೆಲ್, 2 ಲೀಟರ್ ಡೀಸೆಲ್ ಎಂಜಿನ್, ಗೇರು ಕೈಯಲ್ಲಿ ಹಾಕುವಂಥದ್ದು. ಕಂಪನಿ ಹೆಸರು ಬೇಡ, ಈ ಲೆಕ್ಕ ಆ ಜಾತಿಯ ಹೆಚ್ಚಿನ ಗಾಡಿಗಳಿಗೆ ಹೊಂದುತ್ತೆ. ಭಾವನೂ ನಾವೂ ಸೇರಿ ತಗೊಂಡಿದ್ದು, ಹಾಗಾಗಿ ಯಾರು ಎಷ್ಟು ಹಾಕಿದರು ಅನ್ನೋ ಜಗಳ ಬರಬಾರದು ಅಂತ ಮೊದಲ ದಿನದಿಂದ ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಪ್ರತಿ ಸಲ ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್, ಪಂಪು ತಾನೇ ನಿಂತ ಮೇಲೆ ಮತ್ತೆ ಹಾಕಿಸೋದಿಲ್ಲ, ಮೀಟರ್ ಎಷ್ಟು, ಲೀಟರ್ ಎಷ್ಟು, ಅಷ್ಟೇ. ಮೈಲೇಜ್ ತಿಳಿಯಲು ಇದಕ್ಕಿಂತ ನೆಟ್ಟಗಿನ ದಾರಿ ಇಲ್ಲ. ಸ್ಟೇರಿಂಗ್ ಹಿಂದಿನ ಪರದೆಯಲ್ಲಿ ಬರುವ ಅಂಕಿ ನಮ್ಮ ಗಾಡಿಯಲ್ಲಿ ಸದಾ ಒಂದು, ಒಂದೂವರೆ ಕಿಲೋಮೀಟರ್ ಜಾಸ್ತಿಯೇ ತೋರಿಸುತ್ತೆ.

ಮೂರು ವರ್ಷದಲ್ಲಿ ಓಡಿದ್ದು 41,000 ಕಿ.ಮೀ. ಕುಡಿದಿದ್ದು ಸುಮಾರು 2,560 ಲೀಟರ್. ಅಂದರೆ ಲೀಟರಿಗೆ 16. ಕೋಲಾರದಿಂದ ಹೊಸಕೋಟೆ ತನಕ 80ರ ವೇಗದಲ್ಲಿ ಬಂದರೆ 19 ಕೊಡುತ್ತೆ, 100 ದಾಟಿಸಿದರೆ 16ಕ್ಕೆ ಇಳಿಯುತ್ತೆ. ಟಿನ್ ಫ್ಯಾಕ್ಟರಿ ಹತ್ತಿರ ಬಂದ ಮೇಲೆ ಕಥೆಯೇ ಬೇರೆ. ತೂಗು ಸೇತುವೆಯ ಕೆಳಗೆ, ಹೊರವರ್ತುಲ ರಸ್ತೆಯ ಮೆಟ್ರೋ ಕಾಮಗಾರಿ ಬದಿಯಲ್ಲಿ, ಫಸ್ಟ್ ಗೇರು, ಸೆಕೆಂಡ್ ಗೇರು, ಮತ್ತೆ ಬ್ರೇಕು. ಶಿವಾಜಿನಗರ, ಹಲಸೂರು ಸುತ್ತಿದ ದಿನಗಳ ಲೆಕ್ಕ 10ರಿಂದ 11. ಒಂದೂವರೆ ಟನ್ ಹತ್ತಿರದ ಗಾಡಿಯನ್ನು ಸಿಗ್ನಲ್‌ನಿಂದ ಸಿಗ್ನಲ್‌ಗೆ ಎಬ್ಬಿಸೋದು ಅಂದರೆ ಅಷ್ಟು ಎಣ್ಣೆ ಬೇಕೇ ಬೇಕು. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್.ಪುರ ಮಧ್ಯೆ ಮೆಟ್ರೋ ಕೂಡಿಕೊಂಡ ಮೇಲೆ ನಾವು ಗಾಡಿಯನ್ನು ಕೆ.ಆರ್.ಪುರದ ಪರಿಚಯದವರ ಮನೆ ಮುಂದೆ ಬಿಟ್ಟು ವಿಧಾನಸೌಧಕ್ಕೆ ರೈಲಿನಲ್ಲೇ ಹೋಗುತ್ತೇವೆ. ಆಗಿನಿಂದ ತಿಂಗಳ ಸರಾಸರಿ ಒಂದೂವರೆ ಕಿಲೋಮೀಟರ್ ಏರಿದೆ. ಯಾವ ಎಂಜಿನ್ ಆಯಿಲ್ಲೂ, ಯಾವ ಡಬ್ಬದ ಔಷಧಿಯೂ ಮಾಡದ ಕೆಲಸ ಅದು.

ಕಂಪನಿಯವರು ಹೇಳುವ ಅಂಕಿ ಬೇರೆ ಇರುತ್ತಲ್ಲ, ಅದು ಸುಳ್ಳಾ ಅಂತ ಕೇಳಬಹುದು. ಪೂರ್ತಿ ಸುಳ್ಳಲ್ಲ. ಕರೋಲಾ ಡೀಸೆಲ್‌ಗೆ 21.43, ಸಿವಿಕ್ ಡೀಸೆಲ್‌ಗೆ 26.8 ಅಂತ ಎಆರ್‌ಎಐ ಪ್ರಮಾಣಪತ್ರದ ಲೆಕ್ಕ ಇತ್ತು. ಅದು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಗಾಡಿ ನಿಲ್ಲಿಸಿ, ಎಸಿ ಹಾಕದೆ ಓಡಿಸಿ ತೆಗೆದ ಅಂಕಿ. ಅಲ್ಲಿ ಹೊಸಕೋಟೆ ಟೋಲೂ ಇಲ್ಲ, ನಮ್ಮೂರ ಹಂಪೂ ಇಲ್ಲ. ಒಂದು ಗಾಡಿಯನ್ನು ಇನ್ನೊಂದಕ್ಕೆ ಹೋಲಿಸಲು ಅದು ಸರಿ, ನಿಮ್ಮ ಜೇಬಿನ ಲೆಕ್ಕಕ್ಕೆ ಅಲ್ಲ. ಪ್ರಯೋಗಾಲಯದ ಅಂಕಿಗೂ ರಸ್ತೆಗೂ ಎಷ್ಟು ದೂರ ಇರಬಹುದು ಅನ್ನೋದು 2015ರ ಸೆಪ್ಟೆಂಬರ್‌ನಲ್ಲಿ ಜಗತ್ತಿಗೇ ಗೊತ್ತಾಯಿತು. ಪರೀಕ್ಷೆ ನಡೀತಿದೆ ಅಂತ ಗುರುತು ಹಿಡಿದು ಆಗ ಮಾತ್ರ ಹೊಗೆ ಕಡಿಮೆ ಬಿಡುವ ಸಾಫ್ಟ್‌ವೇರನ್ನು ಡೀಸೆಲ್ ಗಾಡಿಗಳಲ್ಲಿ ಹಾಕಿದ್ದೇವೆ ಅಂತ ಫೋಕ್ಸ್‌ವ್ಯಾಗನ್ ಅಮೆರಿಕದಲ್ಲಿ ಒಪ್ಪಿಕೊಂಡಿತು. ಭಾರತದಲ್ಲೂ ಆ ಗುಂಪಿನ 3.23 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ವಾಪಸ್ ಕರೆಯುವುದಾಗಿ ಘೋಷಣೆಯಾಯಿತು.

ಈಗ ನೋಟ್‌ಬುಕ್ಕಿನ ಇನ್ನೊಂದು ಕಡೆಯ ಪುಟಕ್ಕೆ ಬರೋಣ. ಡೀಸೆಲ್‌ಗೆ ಆ ಮೂರು ವರ್ಷದಲ್ಲಿ ಹೋಗಿದ್ದು ಸುಮಾರು 2,25,000 ರೂ. ಗಾಡಿಗೆ ಹೋಗಿದ್ದು? ನಾಲ್ಕು ಸರ್ವಿಸ್‌ಗೆ 38,000. ನಾಲ್ಕು ಟೈರಿಗೆ 31,000. ಟೈಮಿಂಗ್ ಬೆಲ್ಟ್ ಮತ್ತು ಅದರ ಜೊತೆ ವಾಟರ್ ಪಂಪಿಗೆ 24,000. ಮುಂದಿನ ಸಸ್ಪೆನ್ಷನ್‌ಗೆ 28,000, ಬ್ಯಾಟರಿಗೆ 8,500. ಕ್ಲಚ್ಚೂ ಅದರ ಹಿಂದಿನ ಫ್ಲೈವೀಲೂ ಒಟ್ಟಿಗೇ ಹೋದಾಗ 62,000. ಚಿಲ್ಲರೆ 12,000. ಕೂಡಿಸಿದರೆ 2,03,500.

ಅಂದರೆ ಬಂಕಿನವನಿಗೆ ಕೊಟ್ಟಷ್ಟನ್ನೇ ಹೆಚ್ಚೂಕಡಿಮೆ ಗ್ಯಾರೇಜಿನವನಿಗೂ ಕೊಟ್ಟಿದ್ದೇವೆ. ಕಿಲೋಮೀಟರಿಗೆ ಎಣ್ಣೆ ಐದೂವರೆ ರೂಪಾಯಿ, ರಿಪೇರಿ ಐದು ರೂಪಾಯಿ, ಇನ್ಶೂರೆನ್ಸ್ ಬೇರೆ. ನಮ್ಮ ತಮ್ಮನ ಹಳೇ ಸಣ್ಣ ಪೆಟ್ರೋಲ್ ಕಾರು ಲೀಟರಿಗೆ 17 ಕೊಡುತ್ತೆ, ಎಣ್ಣೆಗೆ ಆರು ರೂಪಾಯಿ, ರಿಪೇರಿಗೆ ಒಂದೂವರೆ. ಅವನದು ಏಳೂವರೆ, ನಮ್ಮದು ಹತ್ತೂವರೆ. ಎದುರಿಗೆ ನಿಂತರೆ ಯಾರ ಗಾಡಿ ದೊಡ್ಡದು ಅಂತ ಊರೆಲ್ಲ ಹೇಳುತ್ತೆ, ತಿಂಗಳ ಕೊನೆಯಲ್ಲಿ ಯಾರ ಕೈಯಲ್ಲಿ ದುಡ್ಡು ಉಳಿಯುತ್ತೆ ಅಂತ ಯಾರೂ ಕೇಳಲ್ಲ.

ಹಲಸೂರಿನ ಒಳಗಲ್ಲಿಯಲ್ಲಿ ಇಂಥ ಗಾಡಿಗಳನ್ನೇ ಬಿಚ್ಚುವ ಒಬ್ಬ ಹಿರಿಯ ಮೆಕ್ಯಾನಿಕ್ ನಮಗೆ ಹೇಳಿದ್ದು ಇಷ್ಟೇ: 'ಗಾಡಿ ಹಳೇದಾಗ್ತದೆ ಸಾರ್, ಪಾರ್ಟ್ಸ್ ರೇಟ್ ಹಳೇದಾಗಲ್ಲ.' ನಾಲ್ಕು ಲಕ್ಷಕ್ಕೆ ತಗೊಂಡರೂ ಅದರ ಟರ್ಬೊ, ಇಂಜೆಕ್ಟರ್, ಹೆಡ್‌ಲೈಟು 20 ಲಕ್ಷದ ಗಾಡಿಯದ್ದೇ. ಅದಕ್ಕೇ ಶಿವಾಜಿನಗರದ ಗುಜರಿ ಅಂಗಡಿಗಳು ಬದುಕಿರೋದು. ಕನ್ನಡಿ, ಬಾಗಿಲು, ಲೈಟು, ಬಂಪರ್ ಇಂಥವಕ್ಕೆ ಅಲ್ಲಿ ಹುಡುಕಿ, ಚೌಕಾಸಿ ಮಾಡಿ, ಬಿಲ್ ಕೇಳಿ ತಗೊಳ್ಳೋದು ಒಳ್ಳೆಯದು. ಬೆಲ್ಟು, ಬ್ರೇಕು, ಕ್ಲಚ್ಚು ಮಾತ್ರ ಗುಜರಿಯಲ್ಲಿ ತಗೋಬೇಡಿ. ಬೆಲ್ಟ್ ತುಂಡಾದರೆ ಎಂಜಿನ್ ಒಳಗಿನ ವಾಲ್ವುಗಳೇ ಬಗ್ಗುತ್ತವೆ, ಆಮೇಲೆ ಗಾಡಿಯ ಬೆಲೆಯೂ ರಿಪೇರಿಯ ಬೆಲೆಯೂ ಸಮಸಮ.

ಹಾಗಾದರೆ ಡೀಸೆಲ್ ಅಂದರೆ ಅಗ್ಗ ಅನ್ನೋ ನಂಬಿಕೆ ಎಲ್ಲಿಂದ ಬಂತು? ಅದು ಒಂದು ಕಾಲದಲ್ಲಿ ನಿಜವಾಗಿತ್ತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂ. ದಾಟಿದಾಗ ಡೀಸೆಲ್ 41ರ ಆಸುಪಾಸಿನಲ್ಲಿತ್ತು. ಲೀಟರಿಗೆ 30 ರೂಪಾಯಿ ಮೇಲೆ ಉಳಿತಾಯ. ಆ ವರ್ಷಗಳಲ್ಲಿ ದೇಶದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ದರದ ಮೇಲಿನ ಹಿಡಿತ ಬಿಟ್ಟಿತು, ಅಂತರ ಕರಗುತ್ತಾ ಬಂತು. ನಮ್ಮ ರಾಜ್ಯ 2024ರ ಜೂನ್‌ನಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿತು. ಅದಾದ ಮೇಲೆ ಬೆಂಗಳೂರಲ್ಲಿ ಪೆಟ್ರೋಲ್ 103ರ ಹತ್ತಿರ, ಡೀಸೆಲ್ 91ರ ಹತ್ತಿರ. ಉಳಿದಿರೋದು 12 ರೂಪಾಯಿ. ಮಾರುತಿ 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದಾಗ ಡೀಸೆಲ್ ಕಾರು ಮಾಡೋದನ್ನೇ ನಿಲ್ಲಿಸಿತು. ಅಪ್ಪಂದಿರ ಕಾಲದ ಲೆಕ್ಕ ಇಟ್ಟುಕೊಂಡು ಇವತ್ತು ಗಾಡಿ ತಗೊಂಡರೆ ಆ 12 ರೂಪಾಯಿ ಏನೂ ಕಾಪಾಡಲ್ಲ.

ಒಂದು ಸಾಮಾನ್ಯ ಮನೆ ಅಂದುಕೊಳ್ಳಿ. ಊರಿಂದ ತಾಲ್ಲೂಕಿಗೆ, ಆಸ್ಪತ್ರೆಗೆ, ಮದುವೆಗೆ ಅಂತ ತಿಂಗಳಿಗೆ 400 ಕಿ.ಮೀ. ಸಣ್ಣ ಪೆಟ್ರೋಲ್ ಕಾರು 16 ಕೊಟ್ಟರೆ 25 ಲೀಟರ್, 2,575 ರೂ. ದೊಡ್ಡ ಡೀಸೆಲ್ 14 ಕೊಟ್ಟರೆ 28 ಲೀಟರ್ ಚಿಲ್ಲರೆ, 2,600 ರೂ. ಎಣ್ಣೆಯಲ್ಲಿ ಒಂದು ರೂಪಾಯಿಯೂ ಉಳಿಯಲಿಲ್ಲ, ರಿಪೇರಿ ಮಾತ್ರ ಮೂರು ಪಟ್ಟು. ತಿಂಗಳಿಗೆ 2,000 ಕಿ.ಮೀ. ಹೈವೇ ಓಡಿಸುವವರು ಬೇರೆ. ಅವರಿಗೆ 19ರ ಲೆಕ್ಕದಲ್ಲಿ ಡೀಸೆಲ್ 9,600 ರೂ. ಆಗುತ್ತೆ, 18 ಕೊಡುವ ಸಣ್ಣ ಪೆಟ್ರೋಲ್‌ಗೆ 11,400. ಅದೇ ಗಾತ್ರದ, ಹನ್ನೊಂದೂವರೆ ಕೊಡುವ ಪೆಟ್ರೋಲ್ ಗಾಡಿ ಆದರೆ 17,900. ದಿನಾ ಬೆಂಗಳೂರಿಗೆ ಓಡಾಡುವವರಿಗೆ, ಮೈಸೂರು–ಮಂಗಳೂರು ಅಂತ ದೂರ ಹೋಗುವವರಿಗೆ, ಗಾಡಿಯಲ್ಲಿ ಸದಾ ನಾಲ್ಕೈದು ಜನ ಕೂರುವವರಿಗೆ ಇದು ನಿಜಕ್ಕೂ ಒಳ್ಳೆಯ ಗಾಡಿ. ಹೈವೇಯಲ್ಲಿ ನೆಲಕ್ಕೆ ಅಂಟಿಕೊಂಡು ಹೋಗುತ್ತೆ, ಬ್ರೇಕು ಗಟ್ಟಿ, ಏರ್‌ಬ್ಯಾಗ್ ಇರುತ್ತೆ. ನಾವು ಇನ್ನೂ ಮಾರದೆ ಇಟ್ಟುಕೊಂಡಿರೋದು ಅದಕ್ಕೇ.

ಬರೀ ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಿಗೆ ಇನ್ನೊಂದು ತಾಪತ್ರಯ. ಡೀಸೆಲ್ ಎಂಜಿನ್ ಕಾಯಲು ಹೊತ್ತು ಬೇಕು, ಕಾಯುವ ಮೊದಲೇ ಆಫ್ ಮಾಡಿದರೆ ಮಸಿ ಕಟ್ಟುತ್ತೆ. 2020ರ ನಂತರದ ಬಿಎಸ್ 6 ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನೋ ಜಾಲರಿ ಇರುತ್ತೆ. ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಇಪ್ಪತ್ತು, ಮೂವತ್ತು ನಿಮಿಷ ಹೈವೇ ಓಟ ಬೇಕು. ಓಡಿಸದಿದ್ದರೆ ಕಟ್ಟಿಕೊಂಡು ದೀಪ ಹತ್ತುತ್ತೆ. ದೇವಸ್ಥಾನಕ್ಕೂ ಸಂತೆಗೂ ಮಾತ್ರ ಗಾಡಿ ತೆಗೆಯುವ ಮನೆಗೆ ಇದು ಬೇಡದ ನೆಂಟಸ್ತನ.

ಇವೆಲ್ಲಕ್ಕಿಂತ ಕೆಟ್ಟ ಕಥೆ ದೆಹಲಿ ಗಾಡಿಗಳದ್ದು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳು ದೆಹಲಿ ಸುತ್ತಮುತ್ತ ಓಡಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಿಂದ ಕೋರ್ಟೇ ಸ್ವಲ್ಪ ಸಡಿಲ ಮಾಡಿದೆ, ಆದರೆ ಅಷ್ಟರಲ್ಲಿ ಎಷ್ಟೋ ಗಾಡಿಗಳು ಎನ್‌ಒಸಿ ಹಿಡಿದು ದಕ್ಷಿಣಕ್ಕೆ ಬಂದಾಗಿತ್ತು. ಬೆಲೆ ಇಲ್ಲಿಯದಕ್ಕಿಂತ ಲಕ್ಷ ಕಡಿಮೆ ಕಾಣುತ್ತೆ. ಮುಳಬಾಗಿಲು ಕಡೆಯ ರೈತರೊಬ್ಬರು 2023ರ ಜುಲೈನಲ್ಲಿ, 15 ಕೆಜಿ ಟೊಮೆಟೊ ಬಾಕ್ಸು 2,000 ದಾಟಿದ್ದ ದಿನಗಳಲ್ಲಿ, ಬಂದ ಲಾಭಕ್ಕೆ ಮನೆಯವರ ಸರ ಅಡವಿಟ್ಟ ದುಡ್ಡೂ ಸೇರಿಸಿ ಇಂಥದೊಂದು ತಂದರು. 'ಪೇಪರೆಲ್ಲ ಆಗ್ತದೆ ಅಣ್ಣ' ಅಂದಿದ್ದರಂತೆ ಮಾರಿದವರು. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಇಲ್ಲಿಯ ನಂಬರ್ ಮಾಡಿಸಬೇಕು, ಮಾಡಿಸಲು ಲೈಫ್ ಟ್ಯಾಕ್ಸ್ ಕಟ್ಟಬೇಕು. ಆ ಟ್ಯಾಕ್ಸು ನೀವು ಕೊಟ್ಟ ಬೆಲೆಯ ಮೇಲಲ್ಲ, ಗಾಡಿಯ ಹೊಸ ಬೆಲೆಯ ಮೇಲೆ ಲೆಕ್ಕ ಹಾಕಿ ವಯಸ್ಸಿಗೆ ತಕ್ಕಂತೆ ಇಳಿಸಿದ್ದು. ಅಗ್ಗ ಅಂತ ಉಳಿಸಿದ ಲಕ್ಷ ಅಲ್ಲಿಗೇ ಹೋಗುತ್ತೆ. ಅವರಿಗೆ ಅಷ್ಟು ದುಡ್ಡು ಹೊಂದಿಸಲು ಆಗಲಿಲ್ಲ. ಮುಂದಿನ ಬೆಳೆಗೆ ಟೊಮೆಟೊ ರೇಟು ಬಿತ್ತು. ಗಾಡಿ ಹುಣಸೆ ಮರದ ಕೆಳಗೆ ಕವರ್ ಹೊದ್ದು ನಿಂತಿದೆ, ಬ್ಯಾಟರಿ ಸತ್ತಿದೆ, ಸರ ಇನ್ನೂ ಬ್ಯಾಂಕಿನಲ್ಲಿದೆ.

ಸರ್ಕಾರ ಮಾಡಬಹುದಾದ ಒಂದು ಸಣ್ಣ ಕೆಲಸ ಇದೆ. ಬ್ರಿಟನ್ನಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಎಂಒಟಿ ಪರೀಕ್ಷೆಯಲ್ಲಿ ಗಾಡಿ ಎಷ್ಟು ಓಡಿದೆ ಅಂತ ಬರೆದಿಡುತ್ತಾರೆ, ನಂಬರ್ ಹಾಕಿದರೆ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಇಲ್ಲಿ ಹೇಗೂ ಎಮಿಷನ್ ಟೆಸ್ಟ್ ಮಾಡಿಸಲೇಬೇಕು. ಆಗಲೇ ಮೀಟರಿನ ಫೋಟೊ ತೆಗೆದು ವಾಹನ್ ಪೋರ್ಟಲ್ಲಿಗೆ ಹಾಕಿ, ಕೊಳ್ಳುವವರೆಲ್ಲ ನೋಡುವಂತೆ ಮಾಡಿದರೆ 1,80,000 ಓಡಿದ ಗಾಡಿಯನ್ನು 70,000 ಅಂತ ಮಾರುವುದು ಸುಲಭವಾಗಲ್ಲ. ಮೀಟರ್ ಇಳಿಸಲು ಇವತ್ತು ಒಂದು ಲ್ಯಾಪ್‌ಟಾಪು, ಒಂದು ವೈರು ಸಾಕು.

ಅಲ್ಲಿಯ ತನಕ ನಿಮ್ಮ ಕೈಯಲ್ಲೇ ಇರೋದನ್ನು ಮಾಡಿ. ಟೋಕನ್ ಕೊಡುವ ಮೊದಲು ಎಂಪರಿವಾಹನ್‌ನಲ್ಲಿ ನಂಬರ್ ಹಾಕಿ ಎಷ್ಟನೇ ಓನರ್, ಸಾಲ ಬಾಕಿ ಇದೆಯಾ ನೋಡಿ. ಬ್ರೇಕ್ ಪೆಡಲ್ಲಿನ ರಬ್ಬರು, ಡ್ರೈವರ್ ಸೀಟಿನ ಅಂಚು ಸವೆದಿದ್ದು ಮೀಟರಿನ ಅಂಕಿಗೆ ಹೊಂದುತ್ತಾ ನೋಡಿ. ನೋಂದಣಿಯ 15 ವರ್ಷ ಯಾವಾಗ ಮುಗಿಯುತ್ತೆ ಆರ್‌ಸಿಯಲ್ಲಿ ಓದಿ, ಆಮೇಲೆ ಐದು ವರ್ಷಕ್ಕೆ ಮುಂದುವರಿಸಲು 2022ರ ಏಪ್ರಿಲ್‌ನಿಂದ ಶುಲ್ಕವೇ 5,000 ರೂ. ಇದೆ. 29, 30ನೇ ಫಾರ್ಮಿಗೆ ಸಹಿ ಆದ ದಿನವೇ ವರ್ಗಾವಣೆಗೆ ಹಾಕಿ, ಖಾಲಿ ಫಾರ್ಮಿಗೆ ಸಹಿ ಹಾಕಿಸಿಕೊಂಡು ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ಗಾಡಿ ನೋಡಲು ಬೆಳಗ್ಗೆಯೇ ಹೋಗಿ, ನೀವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲೇ ಹೇಳಿ. ಬಾನೆಟ್ ಮೇಲೆ ಕೈ ಇಟ್ಟಾಗ ಬಿಸಿ ಇದ್ದರೆ, ತಣ್ಣಗಿದ್ದಾಗ ಬರುವ ಹೊಗೆ ನಿಮಗೆ ತೋರಿಸಲು ಅವರಿಗೆ ಇಷ್ಟ ಇಲ್ಲ ಅಂತ ತಿಳಿದು ಮುಂದಿನ ಅಂಗಡಿಗೆ ನಡೆಯಿರಿ.