'ಮದ್ದು ಬಿಟ್ಟಿರಾ?' ಎಂದು ಕೇಳಿದರೆ ಸಾಲದು



ಮನೆಯಲ್ಲಿ ಅತ್ತೆಗೋ ಅಬ್ಬನಿಗೋ ಗ್ಲಾಕೋಮಾ ಇದ್ದರೆ ನಾವು ದಿನಾ ಕೇಳುವ ಪ್ರಶ್ನೆ ಒಂದೇ: "ಕಣ್ಣಿಗೆ ಮದ್ದು ಬಿಟ್ಟಿರಾ?" ಅವರು "ಹೂಂ" ಎನ್ನುತ್ತಾರೆ. ನಮಗೂ ಸಮಾಧಾನ, ಅವರಿಗೂ ಸಮಾಧಾನ. ಆದರೆ ಆ ಹನಿ ನಿಜವಾಗಿ ಕಣ್ಣಿನೊಳಗೆ ಬಿತ್ತೇ? ಮದುವೆಗೆಂದು ಊರಿಗೆ ಹೋದ ಮೂರು ದಿನ ಬಾಟ್ಲಿ ಜೊತೆಗಿತ್ತೇ? ಇದನ್ನು ಯಾರೂ ಕೇಳುವುದಿಲ್ಲ.

ಗ್ಲಾಕೋಮಾ ಸದ್ದಿಲ್ಲದ ಕಾಯಿಲೆ. ಹೆಚ್ಚಿನವರಲ್ಲಿ ನೋವಿಲ್ಲ, ಕೆಂಪಿಲ್ಲ. ದೃಷ್ಟಿನರ ನಿಧಾನವಾಗಿ ಹಾಳಾಗುತ್ತಾ, ಸಾಮಾನ್ಯವಾಗಿ ಬದಿಯ ನೋಟ ಮೊದಲು ಹೋಗುತ್ತದೆ. ಹೋದ ದೃಷ್ಟಿ ಮರಳಿ ಬರುವುದಿಲ್ಲ. ಹನಿ ಔಷಧಿ ಕಣ್ಣಿನೊಳಗಿನ ಒತ್ತಡವನ್ನು ಇಳಿಸಿ, ಉಳಿದ ದೃಷ್ಟಿಯನ್ನು ಕಾಪಾಡುತ್ತದೆ, ಅಷ್ಟೆ. ಬಿಟ್ಟರೆ ನೋಟ ಸ್ಪಷ್ಟವಾಗುವುದಿಲ್ಲ, ಬಿಡದಿದ್ದರೆ ಅಂದೇ ಏನೂ ಆಗುವುದಿಲ್ಲ. ಆದ್ದರಿಂದಲೇ ಉದಾಸೀನ ಸುಲಭವಾಗಿ ನುಸುಳುತ್ತದೆ.

ಒಂದು ಕೆಲಸವನ್ನು ತನ್ನಿಂದ ಮಾಡಲು ಸಾಧ್ಯ ಎಂಬ ನಂಬಿಕೆ ಇದ್ದವರೇ ಅದನ್ನು ಬಿಡದೆ ಮುಂದುವರಿಸುತ್ತಾರೆ ಎಂಬ ವಿಚಾರವನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದರು. ಇದೇ ವಿಚಾರವನ್ನು ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಬೆಟ್ಸಿ ಸ್ಲೀತ್ ಮತ್ತು ಸಂಗಡಿಗರು ಗ್ಲಾಕೋಮಾ ರೋಗಿಗಳಿಗೆ ಅನ್ವಯಿಸಿ ಒಂದು ಪ್ರಶ್ನಾವಳಿ ರಚಿಸಿದರು. 2012ರಲ್ಲಿ ಅದರ ಚಿಕ್ಕ ರೂಪ ಪ್ರಕಟವಾಯಿತು. ಅದರಲ್ಲಿ ಎರಡು ಭಾಗಗಳಿವೆ. ಒಂದು, ಅಡಚಣೆಗಳ ನಡುವೆಯೂ ತಪ್ಪದೆ ಮದ್ದು ಬಿಡಬಲ್ಲೆ ಎಂಬ ಧೈರ್ಯ ಎಷ್ಟಿದೆ ಎಂಬುದು. ಇನ್ನೊಂದು, ಹನಿಯನ್ನು ಸರಿಯಾಗಿ ಬಿಡಬಲ್ಲೆ ಎಂಬ ಧೈರ್ಯ ಎಷ್ಟಿದೆ ಎಂಬುದು.

ಇದರ ಜಾಣ್ಮೆ ನೋಡಿ. "ಮದ್ದು ಬಿಟ್ಟಿರಾ?" ಎಂದರೆ ಗದರಿದಂತೆ, ಉತ್ತರವೂ "ಹೂಂ" ಎಂದೇ ಬರುತ್ತದೆ. "ಎಷ್ಟು ಧೈರ್ಯ ಇದೆ?" ಎಂದರೆ ಹಿರಿಯರ ಮರ್ಯಾದೆಗೂ ಕುಂದಿಲ್ಲ, ಅಡಚಣೆ ಎಲ್ಲಿದೆ ಎಂಬುದೂ ತಿಳಿಯುತ್ತದೆ. ಒಬ್ಬರಿಗೆ ಕೈ ನಡುಕ, ಇನ್ನೊಬ್ಬರಿಗೆ ಮರೆವು, ಮತ್ತೊಬ್ಬರಿಗೆ ಮದ್ದಿನ ಬೆಲೆ. ನಡುಕಕ್ಕೆ ಮರೆವಿನ ಪರಿಹಾರ ಕೊಟ್ಟು ಪ್ರಯೋಜನವೇನು?

ಆದರೆ ಒಂದು ಎಚ್ಚರಿಕೆ. ಧೈರ್ಯ ಬೇರೆ, ಕೈಚಳಕ ಬೇರೆ. ರೋಗಿಗಳು ಮದ್ದು ಬಿಡುವುದನ್ನು ವೀಡಿಯೋ ಚಿತ್ರೀಕರಿಸಿ ನಡೆಸಿದ ಒಂದು ಅಧ್ಯಯನ 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ತಮಗೇನೂ ತೊಂದರೆಯಿಲ್ಲ ಎಂದಿದ್ದ ಅನೇಕರ ಹನಿ ಕಣ್ಣಿಗೆ ಬೀಳದೆ ಹೊರಗೆ ಬಿದ್ದಿತ್ತು. ಬಾಟ್ಲಿಯ ತುದಿ ಕಣ್ಣಿಗೆ ತಾಗಿಸಿದವರೂ ಇದ್ದರು. ಆದ್ದರಿಂದ ಕೇಳಿದ ಮೇಲೆ ಒಮ್ಮೆ ಕಣ್ಣಾರೆ ನೋಡಲೂ ಬೇಕು.

ಸರಿಯಾದ ಕ್ರಮ ಹೀಗಿದೆ. ಕೈ ತೊಳೆದು, ಮಲಗಿ ಅಥವಾ ತಲೆಯನ್ನು ಹಿಂದಕ್ಕೆ ಬಾಗಿಸಿ, ಕೆಳಗಿನ ರೆಪ್ಪೆಯನ್ನು ಮೆಲ್ಲನೆ ಕೆಳಗೆ ಎಳೆಯಿರಿ. ಅಲ್ಲೊಂದು ಚಿಕ್ಕ ಜೇಬಿನಂತಾಗುತ್ತದೆ. ತುದಿ ತಾಗದಂತೆ ಒಂದೇ ಹನಿ ಬಿಡಿ. ಕಣ್ಣು ಅದಕ್ಕಿಂತ ಹೆಚ್ಚು ಹಿಡಿದಿಟ್ಟುಕೊಳ್ಳಲಾರದು. ನಂತರ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ಮದ್ದು ಮೂಗಿನತ್ತ ಇಳಿದು ಮೈಗೆ ಸೇರುವುದು ಇದರಿಂದ ಕಡಿಮೆಯಾಗುತ್ತದೆ. ಎರಡನೆಯ ಮದ್ದು ಇದ್ದರೆ ಕನಿಷ್ಠ ಐದು ನಿಮಿಷ ಬಿಟ್ಟು ಹಾಕಿ. ಅಸ್ತಮಾ ಇರುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಟಿಮೋಲಾಲ್ ಎಂಬ ಮದ್ದು ಅವರಿಗೆ ಅಪಾಯಕಾರಿಯಾಗಬಹುದು.

ನಮ್ಮ ಮನೆಗಳಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ: "ರಮಝಾನಿನಲ್ಲಿ ಮದ್ದು ಬಿಡಲು ಧೈರ್ಯ ಇದೆಯೇ?" ಉಪವಾಸ ಮುರಿದೀತೆಂಬ ಭಯದಿಂದ ತಿಂಗಳಿಡೀ ಹಗಲಿನ ಹನಿ ನಿಲ್ಲಿಸುವವರಿದ್ದಾರೆ. 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು, ಗಂಟಲಿಗೆ ಬಂದದ್ದನ್ನು ನುಂಗದಿದ್ದರೆ ಕಣ್ಣಿನ ಹನಿಯಿಂದ ಉಪವಾಸ ಮುರಿಯುವುದಿಲ್ಲವೆಂದು ನಿರ್ಣಯಿಸಿತು. ಹನಫಿ ಮತ್ತು ಶಾಫಿಈ ವಿದ್ವಾಂಸರ ಪ್ರಬಲ ಅಭಿಪ್ರಾಯದಲ್ಲೂ ಕಣ್ಣಿಗೆ ಮದ್ದು ಹಾಕಿದರೆ ಉಪವಾಸ ಮುರಿಯದು. ಹಾಗಿದ್ದೂ ಮನಸ್ಸು ಒಪ್ಪದಿದ್ದರೆ ಮದ್ದನ್ನೇ ನಿಲ್ಲಿಸಬೇಡಿ. ಸಹ್ರಿ ಮತ್ತು ಇಫ್ತಾರಿನ ಹೊತ್ತಿಗೆ ಹೊಂದಿಸಬಹುದೇ ಎಂದು ವೈದ್ಯರನ್ನು ಕೇಳಿ. ದಿನಕ್ಕೆ ಒಮ್ಮೆ ರಾತ್ರಿ ಬಿಡುವ ಮದ್ದುಗಳೂ ಇವೆ. ಮೂಗಿನ ಮೂಲೆ ಒತ್ತುವ ಅಭ್ಯಾಸ ಇಲ್ಲೂ ನೆರವಾಗುತ್ತದೆ, ಗಂಟಲಿಗೆ ಕಹಿ ಇಳಿಯುವುದು ಕಡಿಮೆಯಾಗುತ್ತದೆ.

ಸಹೋದರಿಯರೇ, ಈ ವಾರ ಒಂದು ಕೆಲಸ ಮಾಡಿ. ಹಿರಿಯರ ಬಳಿ ಕುಳಿತು ನಾಲ್ಕು ಪ್ರಶ್ನೆ ಕೇಳಿ: ಯಾರೂ ನೆನಪಿಸದಿದ್ದರೂ ಬಿಡುತ್ತೀರಾ? ಪ್ರಯಾಣದಲ್ಲಿ ಬಿಡುತ್ತೀರಾ? ಒಂದೇ ಹನಿ ಬೀಳಿಸಬಲ್ಲಿರಾ? ತುದಿ ತಾಗದಂತೆ ಬಿಡಬಲ್ಲಿರಾ? ಪ್ರತಿಯೊಂದಕ್ಕೂ 'ಪೂರ್ತಿ ಧೈರ್ಯ ಇದೆ', 'ಸ್ವಲ್ಪ ಇದೆ', 'ಇಲ್ಲ' ಎಂಬ ಮೂರರಲ್ಲಿ ಒಂದು ಉತ್ತರ ಪಡೆಯಿರಿ. 'ಇಲ್ಲ' ಎಂದಲ್ಲಿ ಬೇಸರಿಸಬೇಡಿ, ನೀವು ಕೈಜೋಡಿಸಬೇಕಾದ ಜಾಗ ಅದೇ. ಮುಂದಿನ ಬಾರಿ ವೈದ್ಯರ ಬಳಿ ಹೋಗುವಾಗ ಆ ಉತ್ತರಗಳ ಚೀಟಿಯನ್ನೂ ಬಾಟ್ಲಿಯನ್ನೂ ಜೊತೆಗೆ ಒಯ್ಯಿರಿ. ಅವರೆದುರೇ ಒಂದು ಹನಿ ಬಿಟ್ಟು ತೋರಿಸಲಿ.

ದೃಷ್ಟಿ ಅಲ್ಲಾಹನು ಕೊಟ್ಟ ಅಮಾನತ್ತು. ಅದನ್ನು ಕಾಯುವ ಕೆಲಸದಲ್ಲಿ ಹಿರಿಯರನ್ನು ಒಂಟಿಯಾಗಿ ಬಿಡದಿರೋಣ.