ಕಾಣದ ನೋವು ಸುಳ್ಳು ನೋವಲ್ಲ

ರಕ್ತಪರೀಕ್ಷೆಯಲ್ಲಿ ದೋಷವಿಲ್ಲ, ಎಕ್ಸ್‌ರೇಯಲ್ಲಿ ಏನೂ ಕಾಣದು. ಆದರೂ ಮೈಯೆಲ್ಲ ನೋವು. ಈ ದೂರನ್ನು ಹೊತ್ತು ದವಾಖಾನೆಯಿಂದ ದವಾಖಾನೆಗೆ ಅಲೆಯುವವರಿಗೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: "ನಿಮಗೇನೂ ಆಗಿಲ್ಲ." ಮನೆಯವರು ಅದನ್ನು ಮನಸ್ಸಿನ ಭ್ರಮೆ ಎನ್ನುತ್ತಾರೆ, ಮಾಲಿಕರು ಮೈಗಳ್ಳತನ ಎನ್ನುತ್ತಾರೆ. ಹಗಲಿಡೀ ನಿಂತು ದುಡಿಯುವ ಹೋಟೆಲಿನ ಬಂಧುಗಳಿಗೂ, ಕಚೇರಿಯಲ್ಲಿ ಬೆನ್ನು ಬಾಗಿಸಿ ಕುಳಿತಿರುವ ಗುಮಾಸ್ತ ಮಿತ್ರರಿಗೂ ಈ ಮಾತಿನ ಪೆಟ್ಟನ್ನು ನಾವು ವಿವರಿಸಬೇಕಾದುದಿಲ್ಲ. ರಜೆ, ಸಂಬಳ, ಮರ್ಯಾದೆ ಈ ಮೂರೂ ವೈದ್ಯರ ಒಂದು ಕಾಗದವನ್ನು ಅವಲಂಬಿಸಿವೆ.

ಮೂರು ತಿಂಗಳು ಮೀರಿದರೂ ಬಿಡದ ಸರ್ವಾಂಗ ನೋವು, ನಿದ್ರಿಸಿದರೂ ತೀರದ ದಣಿವು, ಮರೆವು ಇವುಗಳು ಕೂಡಿದ ಅವಸ್ಥೆಗೆ ವೈದ್ಯರು ಫೈಬ್ರೋಮಯಾಲ್ಜಿಯಾ ಎಂದು ಹೆಸರಿಟ್ಟಿದ್ದಾರೆ. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಯು ದೇಹದ 18 ನಿಗದಿತ ಸ್ಥಳಗಳನ್ನು ಒತ್ತಿದಾಗ 11ರಲ್ಲಾದರೂ ನೋವಿರಬೇಕೆಂಬ ನಿಯಮವನ್ನು ಹೇಳಿತು. 2010ರಲ್ಲಿ ಆ ಒತ್ತುವ ಪರೀಕ್ಷೆಯಿಲ್ಲದ ಬೇರೆ ಮಾನದಂಡವನ್ನು ಮುಂದಿಟ್ಟಿತು. ಎರಡರಲ್ಲಿಯೂ ರೋಗಿಯ ಮಾತೇ ಮುಖ್ಯ ಸಾಕ್ಷಿ. ಯಂತ್ರದ ಸಾಕ್ಷಿಯಿಲ್ಲದ ರೋಗವನ್ನು ಲೋಕವು ಸುಲಭವಾಗಿ ನಂಬುವುದಿಲ್ಲ.

ಆದರೆ ಸಾಕ್ಷಿ ಇರಲಿಲ್ಲವೋ, ನೋಡತಕ್ಕಲ್ಲಿ ನೋಡಿರಲಿಲ್ಲವೋ? ನಮ್ಮ ದೇಹದಲ್ಲಿ ದಪ್ಪ ನರತಂತುಗಳೂ ಇವೆ, ಅತಿ ಸೂಕ್ಷ್ಮ ತಂತುಗಳೂ ಇವೆ. ದಪ್ಪನೆಯವು ಸ್ಪರ್ಶ, ಚಲನೆಗಳ ಸುದ್ದಿಯನ್ನು ಸಾಗಿಸಿದರೆ, ಚರ್ಮದ ಮೇಲ್ಪದರದವರೆಗೆ ಹಬ್ಬಿರುವ ಸೂಕ್ಷ್ಮ ತಂತುಗಳು ನೋವು, ಬಿಸಿ, ತಂಪುಗಳ ಸುದ್ದಿಯನ್ನು ಒಯ್ಯುತ್ತವೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ವಿದ್ಯುತ್ತಿನಿಂದ ಮಾಡುವ ನರಪರೀಕ್ಷೆಯು ದಪ್ಪ ತಂತುಗಳನ್ನು ಮಾತ್ರ ಅಳೆಯುತ್ತದೆ. ಸೂಕ್ಷ್ಮ ತಂತುಗಳು ಹಾಳಾಗಿದ್ದರೂ ರಿಪೋರ್ಟು "ಸರಿಯಾಗಿದೆ" ಎಂದೇ ಬರುತ್ತದೆ. ಅವುಗಳನ್ನು ಕಾಣಬೇಕಾದರೆ ಕಾಲಿನ ಹರಡಿನ ಮೇಲ್ಭಾಗದಿಂದ ಸುಮಾರು 3 ಮಿಲಿಮೀಟರ್ ಅಗಲದ ಚರ್ಮದ ಚೂರನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಎಣಿಸಬೇಕು.

2013ರಲ್ಲಿ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯೆ ಆನ್ ಲೂಯಿಸ್ ಓಕ್‌ಲ್ಯಾಂಡರ್ ಮತ್ತು ಸಂಗಡಿಗರು 27 ರೋಗಿಗಳಲ್ಲಿಯೂ, ಈ ರೋಗವಿಲ್ಲದ 30 ಮಂದಿಯಲ್ಲಿಯೂ ಈ ಪರೀಕ್ಷೆ ಮಾಡಿದ ಫಲವನ್ನು ಪ್ರಕಟಿಸಿದರು. ರೋಗಿಗಳ ಚರ್ಮದ ಮಾದರಿಗಳಲ್ಲಿ ನೂರಕ್ಕೆ 41ರಲ್ಲಿ ಸೂಕ್ಷ್ಮ ನರತಂತುಗಳ ಹಾನಿ ಕಂಡಿತು. ಉಳಿದವರಲ್ಲಿ ನೂರಕ್ಕೆ 3ರಲ್ಲಿ ಮಾತ್ರ. ಅದೇ ವರ್ಷ ಜರ್ಮನಿಯ ವ್ಯೂರ್ಟ್ಸ್‌ಬರ್ಗಿನ ಸಂಶೋಧಕರು ಈ ರೋಗಿಗಳನ್ನು ಮನೋಖಿನ್ನತೆಯುಳ್ಳವರೊಂದಿಗೆ ಹೋಲಿಸಿದಾಗ, ಸೂಕ್ಷ್ಮ ತಂತುಗಳ ಕಾರ್ಯದಲ್ಲಿನ ಕುಂದು ನೋವಿನ ರೋಗಿಗಳಲ್ಲಿ ಕಂಡಿತೇ ಹೊರತು ಖಿನ್ನತೆಯವರಲ್ಲಿ ಕಾಣಲಿಲ್ಲ. ಖಿನ್ನತೆಯೂ ನಿಜವಾದ ರೋಗವೇ. ಆದರೆ ಈ ನೋವನ್ನೆಲ್ಲ ಅದರ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ಸಲ್ಲದೆಂದು ಇದರಿಂದ ಸಿದ್ಧವಾಯಿತು.

ಇಷ್ಟಕ್ಕೇ ಎಲ್ಲವೂ ತಿಳಿದುಹೋಯಿತೆಂದು ಭಾವಿಸುವುದೂ ತಪ್ಪು. 2019ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಇಂತಹ ಹಾನಿ ಕಂಡುಬಂದದ್ದು ಸುಮಾರು ಅರ್ಧದಷ್ಟು ರೋಗಿಗಳಲ್ಲಿ. ಉಳಿದರ್ಧದವರ ನೋವು ಇದರಿಂದ ಸುಳ್ಳಾಗುವುದಿಲ್ಲ. ತಂತುಗಳ ಹಾನಿಯೇ ನೋವಿನ ಮೂಲವೋ, ಮೆದುಳು ಬೆನ್ನುಹುರಿಗಳ ಏರುಪೇರಿನ ಫಲವೋ ಎಂಬ ಚರ್ಚೆ ತಜ್ಞರಲ್ಲಿ ಇನ್ನೂ ನಡೆದಿದೆ. 2021ರಲ್ಲಿ ಲಂಡನ್, ಲಿವರ್‌ಪೂಲ್, ಸ್ಟಾಕ್‌ಹೋಮ್‌ಗಳ ವಿಜ್ಞಾನಿಗಳು ರೋಗಿಗಳ ರಕ್ತದ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿದಾಗ ಅವುಗಳಲ್ಲಿಯೂ ನೋವಿನ ಸಂವೇದನೆ ಹೆಚ್ಚಿ, ಚರ್ಮದ ನರತಂತುಗಳು ಕಡಿಮೆಯಾದವು. ಇದು ಹೊಸ ದಾರಿಯನ್ನು ತೋರಿಸಿದೆಯೇ ಹೊರತು ಔಷಧಿಯನ್ನು ಕೈಗಿತ್ತಿಲ್ಲ.

ಹಾಗಾದರೆ ಸಾಮಾನ್ಯನಿಗೆ ಇದರಿಂದೇನು ಪ್ರಯೋಜನ? ಎಲ್ಲರೂ ಚರ್ಮ ಕೊಯ್ಯಿಸಿಕೊಳ್ಳಲು ಓಡಬೇಕಾಗಿಲ್ಲ. ಆದರೆ ಸೂಕ್ಷ್ಮ ನರತಂತುಗಳನ್ನು ಹಾಳುಮಾಡುವ ಕಾರಣಗಳಲ್ಲಿ ಕೆಲವು ಚಿಕಿತ್ಸೆಗೆ ಬಗ್ಗುವಂತಹವು: ಸಕ್ಕರೆ ಕಾಯಿಲೆ, ಬಿ-12 ಜೀವಸತ್ವದ ಕೊರತೆ, ಥೈರಾಯ್ಡಿನ ದೋಷ, ಮದ್ಯಪಾನ. ಬಿ-12 ದೊರೆಯುವುದು ಹಾಲು, ಮೊಟ್ಟೆ, ಮೀನು, ಮಾಂಸಗಳಿಂದ. ಅನ್ನ ಸಾರಿನ ಮೇಲೆಯೇ ದಿನ ದೂಡುವ ಸಸ್ಯಾಹಾರಿ ಬಂಧುಗಳು ಇದನ್ನು ಗಮನಿಸತಕ್ಕದ್ದು. ಅಂಗಾಲು ಉರಿ, ಜುಮ್ಮೆನ್ನುವಿಕೆ ಇದ್ದರೆ ವೈದ್ಯರಿಗೆ ತಪ್ಪದೆ ಹೇಳಬೇಕು. ಮೆಡಿಕಲ್ ಶಾಪಿನಿಂದ ತಾವೇ ಕೊಂಡ ನೋವಿನ ಮಾತ್ರೆಯನ್ನು ಪ್ರತಿದಿನ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಫೈಬ್ರೋಮಯಾಲ್ಜಿಯಾಕ್ಕೆ ಯೂರೋಪಿನ ಸಂಧಿವಾತ ತಜ್ಞರು 2016ರಲ್ಲಿ ಎಲ್ಲಕ್ಕಿಂತ ಬಲವಾಗಿ ಶಿಫಾರಸು ಮಾಡಿದ್ದು, ಶಕ್ತಿಗೆ ತಕ್ಕಂತೆ ಮೆಲ್ಲನೆ ಹೆಚ್ಚಿಸುವ ವ್ಯಾಯಾಮವನ್ನು. ಹದಿನಾಲ್ಕು ತಾಸಿನ ದುಡಿಮೆ ವ್ಯಾಯಾಮವಲ್ಲವೆಂಬುದನ್ನು ಬೇರೆ ಹೇಳಬೇಕಿಲ್ಲ.

ಕೊನೆಗೊಂದು ಮಾತು ಮಾಲಿಕ ಬಂಧುಗಳಿಗೆ. ಗಲ್ಲಾದ ಹಿಂದೆ ಕುಳಿತವರ ಕಷ್ಟವನ್ನು ನಾವು ಬಲ್ಲೆವು. ಬೆಳಗಿನ ಗಿರಾಕಿಗಳ ಹೊತ್ತಿಗೆ ಒಬ್ಬ ಮಾಣಿ ಬಾರದಿದ್ದರೆ ಅಂಗಡಿಯೇ ಅಸ್ತವ್ಯಸ್ತವಾಗುತ್ತದೆ. ನೆಪ ಹೇಳುವವರೂ ಇಲ್ಲದಿಲ್ಲ. ಆದರೂ ರಿಪೋರ್ಟು ಸರಿಯಾಗಿದೆಯೆಂಬ ಒಂದೇ ಕಾರಣದಿಂದ ಒಬ್ಬನನ್ನು ಕಳ್ಳನೆನ್ನುವ ಹಕ್ಕು ಇನ್ನು ಯಾರಿಗೂ ಉಳಿದಿಲ್ಲ. ಅಂತಹವನಿಗೆ ಕೆಲವು ದಿನ ಕುಳಿತು ಮಾಡುವ ಕೆಲಸ ಕೊಡುವುದು, ರಾತ್ರಿಯ ನಿದ್ರೆಗೆ ಅವಕಾಶ ಮಾಡುವುದು, ಒಳ್ಳೆಯ ವೈದ್ಯರಲ್ಲಿಗೆ ಕಳುಹಿಸುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಆರೋಗ್ಯ ಶಿಬಿರ ನಡೆಸುವ ನಮ್ಮ ಕನ್ನಡ ಸಂಘಗಳು ರಕ್ತದೊತ್ತಡದ ಜೊತೆಗೆ ಸಕ್ಕರೆ ಮತ್ತು ಬಿ-12ರ ತಪಾಸಣೆಯನ್ನೂ ಸೇರಿಸಿದರೆ ದೊಡ್ಡ ಉಪಕಾರವಾದೀತು. ಊರು ಬಿಟ್ಟು ಬಂದವನಿಗೆ ದೇಹವೇ ಬಂಡವಾಳ. ಅದು ನೋಯುತ್ತಿದೆಯೆಂದು ಅವನು ಹೇಳಿದಾಗ ಮೊದಲು ನಂಬೋಣ. ಪರೀಕ್ಷೆ ಆಮೇಲೆ ಮಾಡಿಸೋಣ.